ಕ್ಯಾಮೆರಾ ನಮ್ಮದು, ಅಕೌಂಟು ಯಾರದು?

ಹೋದ ದೀಪಾವಳಿಗೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಭಾವ ತಮ್ಮ ಫೋನ್ ನನ್ನ ಕೈಗೆ ಕೊಟ್ಟು, "ಈ ಕ್ಯಾಮೆರಾ ಆಪ್ ಯಾಕೋ ಭಾಳ ನಿಧಾನ ಆಗಿದೆ, ಸ್ವಲ್ಪ ನೋಡಪ್ಪ" ಅಂದರು. ಅವರ ಮನೆಯಲ್ಲಿ ಮೂರು ವೈಫೈ ಕ್ಯಾಮೆರಾ ಇವೆ. ಗೇಟಿಗೆ ಒಂದು, ಹಿತ್ತಲಿಗೆ ಒಂದು, ಹಾಲ್‌ಗೆ ಒಂದು. ಆಪ್ ತೆರೆದು ನೋಡಿದೆ. ಮೂರೂ ಕ್ಯಾಮೆರಾಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಇದು ಇಂಥ ನಂಬರಿನವರು ನಿಮ್ಮ ಜೊತೆ ಹಂಚಿಕೊಂಡ ಕ್ಯಾಮೆರಾ ಅಂತ. ಆ ನಂಬರ್ ಭಾವನದಲ್ಲ, ಅಕ್ಕನದಲ್ಲ, ಬೆಂಗಳೂರಿನಲ್ಲಿರುವ ಅವರ ಮಗನದೂ ಅಲ್ಲ.

"ಅದು ಕ್ಯಾಮೆರಾ ಹಾಕಿದ ಹುಡುಗಂದು ಇರ್ಬೇಕು ಕಣಪ್ಪ" ಅಂದರು ಭಾವ. ಹಾಕಿಸಿ ಮೂರು ವರ್ಷ ಆಗಿತ್ತು. ಅಂದರೆ ಮೂರು ವರ್ಷದಿಂದ ಆ ಮನೆಯ ಕ್ಯಾಮೆರಾಕ್ಕೆ ಯಜಮಾನ ಆ ಹುಡುಗ. ದುಡ್ಡು ಕೊಟ್ಟು ಕೊಂಡ ಭಾವ ಬರೀ ಅತಿಥಿ. ಅವನನ್ನು ತೆಗೆದುಹಾಕೋಣ ಅಂತ ಹುಡುಕಿದರೆ ಆ ಬಟನ್ನೇ ಇಲ್ಲ. ಅತಿಥಿಗೆ ಯಜಮಾನನನ್ನು ಹೊರಗೆ ಕಳಿಸುವ ಅಧಿಕಾರ ಇರುವುದಿಲ್ಲ, ಅಲ್ವಾ? ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಹಾಲ್‌ನ ಕ್ಯಾಮೆರಾ ಕಡೆ ಒಂದು ಸಲ ನೋಡಿದಳು. ಆಮೇಲೆ ನಾವು ಹೊರಡುವ ತನಕ ಅವಳು ಹಾಲ್‌ಗೆ ಬರಲಿಲ್ಲ.

ಮರುದಿನ ಆ ಹುಡುಗನನ್ನು ಕರೆಸಿದೆವು. ಅವನು ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆದ ತಕ್ಷಣ ಬಂದ, ತಪ್ಪಾಯ್ತು ಅಂದ, ತನ್ನ ಅಕೌಂಟಿನಿಂದ ಮೂರೂ ಕ್ಯಾಮೆರಾ ಬಿಡಿಸಿ ಭಾವನ ಅಕೌಂಟಿಗೆ ಕೂರಿಸಿಕೊಟ್ಟ. ಯಾಕೆ ಹೀಗೆ ಮಾಡಿದ್ದೆ ಅಂದರೆ ಅವನ ಹತ್ತಿರ ಉತ್ತರ ಇತ್ತು. "ಅಣ್ಣಾ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಕ್ಯಾಮೆರಾ ಕಾಣ್ತಿಲ್ಲ ಬಾ ಅಂತಾರೆ. ನನ್ ಫೋನಲ್ಲೇ ಇದ್ರೆ ಕೂತಲ್ಲೇ ಸರಿ ಮಾಡ್ತೀನಿ. ಇಲ್ಲಾಂದ್ರೆ ಗಾಡಿ ತಗಂಡು ಓಡ್ಬೇಕು." ಹಾಗೆ ಹೇಳುತ್ತಾ ತನ್ನ ಫೋನ್ ತೆರೆದು ತೋರಿಸಿದ. ಬೆರಳು ಸರಿಸಿದಷ್ಟೂ ಹೆಸರುಗಳು. ಚಿನ್ನದಂಗಡಿ, ಮೆಡಿಕಲ್ ಶಾಪು, ಒಬ್ಬ ಡಾಕ್ಟರ ಮನೆ, ಕಲ್ಯಾಣ ಮಂಟಪ, ಲೇಡೀಸ್ ಪಿಜಿ. ಇಷ್ಟಕ್ಕೂ ಕಾವಲಿಗೆ ಇದ್ದದ್ದು ಅವನ ಫೋನಿನ ಪ್ಯಾಟರ್ನ್ ಲಾಕ್. ಎದುರಿಗೆ ಕೂತಿದ್ದ ನನಗೆ ಅದು ಒಂದೇ ಸಲಕ್ಕೆ ಗೊತ್ತಾಯಿತು. ಮೇಲಿನಿಂದ ಕೆಳಗೆ, ಆಮೇಲೆ ಬಲಕ್ಕೆ.

ಆ ಫೋನ್ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದರೆ? ನಾಳೆ ಅವನು ಈ ಕೆಲಸ ಬಿಟ್ಟು ಫೋನ್ ಮಾರಿದರೆ? ಇಂಟರ್‌ನೆಟ್‌ಗೆ ಜೋಡಿಸಿದ ಸಾಮಾನುಗಳ ಸುರಕ್ಷತೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಾವುದೋ ದೇಶದಲ್ಲಿ ಕತ್ತಲ ಕೋಣೆಯಲ್ಲಿ ಕೂತ ಹ್ಯಾಕರ್. ಅಂಥವರೂ ಇದ್ದಾರೆ. ಆದರೆ ದಾವಣಗೆರೆಯಂಥ ಊರಲ್ಲಿ ಮೊದಲ ತೂತು ಇರುವುದು ಇಲ್ಲೇ, ಹಸ್ತಾಂತರದಲ್ಲಿ. ಇಲ್ಲಿ ಕೊಂಡವರು ಒಬ್ಬರು, ಜೋಡಿಸುವವರು ಇನ್ನೊಬ್ಬರು. ಜೋಡಿಸಿದವರು ಅದನ್ನು ಪೂರ್ತಿಯಾಗಿ ಕೊಂಡವರ ಕೈಗೆ ಒಪ್ಪಿಸುವುದೇ ಇಲ್ಲ. ಮನೆ ಕೊಂಡಾಗ ನಾವು ಬೀಗದ ಕೈ ಎಣಿಸಿ ತೆಗೆದುಕೊಳ್ಳುತ್ತೇವೆ. ಬಾಡಿಗೆಯವರು ಖಾಲಿ ಮಾಡಿದರೆ ಬೀಗವನ್ನೇ ಬದಲಿಸುತ್ತೇವೆ. ಕ್ಯಾಮೆರಾ, ರೂಟರ್, ಡಿವಿಆರ್ (ಕ್ಯಾಮೆರಾದ ಚಿತ್ರ ಬರೆದಿಟ್ಟುಕೊಳ್ಳುವ ಡಬ್ಬಿ) ವಿಷಯದಲ್ಲಿ ಮಾತ್ರ "ಕಾಣ್ತಾ ಇದೆಯಾ? ಕಾಣ್ತಾ ಇದೆ" ಅಂದರೆ ಮುಗಿಯಿತು.

ಭಾವನ ಅಂಗಡಿ ಮಂಡಿಪೇಟೆಯಲ್ಲಿದೆ. ಅಲ್ಲಿ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್. ಅದನ್ನೂ ನೋಡಿಬಿಡೋಣ ಅಂತ ಅವತ್ತೇ ಹೋದೆ. ಅಕ್ಕಿ ಮೂಟೆಗಳ ಮೇಲಿನ ಅಟ್ಟದಲ್ಲಿ ಡಿವಿಆರ್ ಕೂತಿತ್ತು. ಆಯುಧ ಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಇತ್ತು, ಒಣಗಿದ ಚೆಂಡು ಹೂವೂ ಇತ್ತು. ಪಕ್ಕದಲ್ಲಿ ಮಾರ್ಕರ್ ಪೆನ್ನಿನಲ್ಲಿ ಎರಡು ಸಾಲು. ಮೊದಲ ಸಾಲು ಯೂಸರ್‌ನೇಮ್, ಅಡ್ಮಿನ್. ಎರಡನೇ ಸಾಲು ಪಾಸ್‌ವರ್ಡ್, ಅಂಗಡಿ ಬೋರ್ಡಿನ ಮೇಲಿರುವ ಅದೇ ಮೊಬೈಲ್ ನಂಬರ್. ಹಮಾಲರಿಂದ ಹಿಡಿದು ಲೆಕ್ಕ ಬರೆಯುವವರ ತನಕ ಎಲ್ಲರ ಕಣ್ಣಿಗೂ ಬೀಳುವ ಹಾಗೆ. ಒಂದು ಕ್ಯಾಮೆರಾ ನೇರ ಗಲ್ಲಾದ ಮೇಲಿತ್ತು. ಅದರಲ್ಲಿ ಗಿರಾಕಿಗಳು ಫೋನಿನಲ್ಲಿ ಯುಪಿಐ ಪಿನ್ ಒತ್ತುವುದು ಬೆರಳು ಬೆರಳಾಗಿ ಕಾಣುತ್ತಿತ್ತು. ಕಳ್ಳರಿಗೆ ಅಂತ ಹಾಕಿದ ಕ್ಯಾಮೆರಾ ಕಳ್ಳರಿಗೆ ಬೇಕಾದ್ದನ್ನೇ ಬರೆದಿಟ್ಟುಕೊಳ್ಳುತ್ತಿತ್ತು.

ಇಂಥ ಸುಲಭದ ಪಾಸ್‌ವರ್ಡ್‌ಗಳಿಂದ ಏನಾಗಬಹುದು ಅನ್ನುವುದನ್ನು ಜಗತ್ತು 2016ರಲ್ಲೇ ನೋಡಿದೆ. ಆ ವರ್ಷ 'ಮಿರಾಯ್' ಅನ್ನುವ ಒಂದು ಸಣ್ಣ ಪ್ರೋಗ್ರಾಂ ಇಂಟರ್‌ನೆಟ್‌ನಲ್ಲಿ ಓಡಾಡಿತು. ಅದರ ಹತ್ತಿರ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಇದ್ದದ್ದು ಸುಮಾರು 60 ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ಗಳ ಒಂದು ಪಟ್ಟಿ. ಕಂಪನಿಗಳು ಫ್ಯಾಕ್ಟರಿಯಲ್ಲೇ ಹಾಕಿ ಕಳಿಸುವಂಥವು. ಅದು ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಬಾಗಿಲು ತಟ್ಟುತ್ತಾ ಹೋಗುತ್ತಿತ್ತು. ಪಟ್ಟಿಯಲ್ಲಿ ಒಂದು ಹೊಂದಿಕೊಂಡರೆ ಒಳಗೆ ಸೇರುತ್ತಿತ್ತು. ಹೀಗೆ ಒಂದು ಹಂತದಲ್ಲಿ ಸುಮಾರು 6 ಲಕ್ಷ ಸಾಮಾನುಗಳು ಅದರ ಹಿಡಿತದಲ್ಲಿದ್ದವು. 2016ರ ಅಕ್ಟೋಬರ್ 21ರಂದು ಮಿರಾಯ್ ಹಿಡಿದಿದ್ದ ಇಂಥ ಸಾಮಾನುಗಳು ಅಮೆರಿಕದ 'ಡೈನ್' ಅನ್ನುವ ಕಂಪನಿಯ ಮೇಲೆ ಮುಗಿಬಿದ್ದವು. ಹೆಸರು ಕೊಟ್ಟರೆ ವೆಬ್‌ಸೈಟಿನ ವಿಳಾಸ ಹುಡುಕಿಕೊಡುವ ಕೆಲಸ ಆ ಕಂಪನಿಯದು. ಅವತ್ತು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡವೇ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದವರು ಯಾವ ದೇಶದ ಗೂಢಚಾರರೂ ಅಲ್ಲ. ಆನ್‌ಲೈನ್ ಆಟದ ಸರ್ವರ್‌ಗಳ ಜಗಳದಿಂದ ಶುರು ಮಾಡಿದ, ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು. 2017ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು.

ಆ ಕ್ಯಾಮೆರಾಗಳ ಯಜಮಾನರಿಗೆ ಏನೂ ಗೊತ್ತಾಗಿರಲಿಲ್ಲ ಅನ್ನುವುದು ಇದರಲ್ಲಿ ನನಗೆ ಕಾಡುವ ಸಂಗತಿ. ಅವರ ಕ್ಯಾಮೆರಾ ಎಂದಿನಂತೆ ಕೆಲಸ ಮಾಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮಿರಾಯ್ ಅಳಿಸಿಹೋಗುತ್ತಿತ್ತು, ಯಾಕೆಂದರೆ ಅದು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. ಆದರೆ ಪಾಸ್‌ವರ್ಡ್ ಅದೇ ಇದ್ದರೆ ಕೆಲವೇ ನಿಮಿಷಕ್ಕೆ ಮತ್ತೆ ಬಂದು ಕೂರುತ್ತಿತ್ತು. ಕೆಲವು ಮಾಡೆಲ್‌ಗಳಲ್ಲಂತೂ ಒಳಗಿನ ಪಾಸ್‌ವರ್ಡ್ ಬದಲಿಸೋಕೆ ದಾರಿಯೇ ಇರಲಿಲ್ಲ. ಮಿರಾಯ್‌ನ ಮೂಲ ಕೋಡ್ ಆಗಲೇ ಬಹಿರಂಗ ಆಗಿತ್ತು. ಅದರ ಮರಿಗಳು ಇವತ್ತಿಗೂ ಓಡಾಡುತ್ತಿವೆ.

ಬೆಂಗಳೂರಿನಲ್ಲಿ ಕೂತ ಅಕ್ಕನ ಮಗ ನಿಟ್ಟುವಳ್ಳಿಯ ಗೇಟನ್ನು ಹೇಗೆ ನೋಡುತ್ತಾನೆ? ಇದು ಅರ್ಥ ಆದರೆ ಅರ್ಧ ವಿಷಯ ಅರ್ಥ ಆದ ಹಾಗೆ. ಅವನ ಫೋನ್ ನೇರವಾಗಿ ಮನೆಗೆ ಬರುವುದಿಲ್ಲ. ಕ್ಯಾಮೆರಾ ಆನ್ ಆದ ಕೂಡಲೇ ತನ್ನ ಕಂಪನಿಯ ಸರ್ವರ್‌ಗೆ ಒಂದು ಕರೆ ಹಾಕಿ, ಕಟ್ ಮಾಡದೆ ಹಿಡಿದುಕೊಂಡಿರುತ್ತದೆ. ನಾನು ಇಂಥ ಸೀರಿಯಲ್ ನಂಬರಿನವನು, ಯಾರಾದರೂ ಕೇಳಿದರೆ ಹೇಳು ಅಂತ. ಅತ್ತ ಆಪ್ ಕೂಡ ಅದೇ ಸರ್ವರ್‌ಗೆ ಹೋಗಿ ಆ ಸೀರಿಯಲ್ ನಂಬರ್ ಕೇಳುತ್ತದೆ. ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ಕೆಲವೊಮ್ಮೆ ವಿಡಿಯೋ ಪೂರ್ತಿ ಆ ಸರ್ವರ್ ಮೂಲಕವೇ ಹರಿಯುತ್ತದೆ. ಅಂದರೆ ನಮ್ಮ ಮನೆಯ ಚಿತ್ರ ಮೂರು ಬಾಗಿಲು ದಾಟಿ ಬರುತ್ತದೆ. ನಮ್ಮ ಅಕೌಂಟಿನ ಪಾಸ್‌ವರ್ಡ್ ಒಂದು, ಕಂಪನಿಯ ಸರ್ವರ್ ಒಂದು, ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್ ಒಂದು. ನಮ್ಮ ಕೈಯಲ್ಲಿರುವುದು ಮೊದಲನೆಯದು ಮಾತ್ರ.

ಎರಡನೇ ಬಾಗಿಲು ಸಡಿಲ ಆದರೆ ಏನಾಗುತ್ತದೆ ಅನ್ನುವುದಕ್ಕೆ 2024ರ ಫೆಬ್ರುವರಿಯ ಒಂದು ಘಟನೆ ಇದೆ. ಅಮೆರಿಕದ 'ವೈಜ್' ಕಂಪನಿಯ ಸರ್ವರ್ ಕೆಟ್ಟು, ಮತ್ತೆ ಶುರುವಾದಾಗ ಸುಮಾರು 13,000 ಜನಕ್ಕೆ ಬೇರೆಯವರ ಮನೆಯ ಕ್ಯಾಮೆರಾ ಚಿತ್ರಗಳು ಕಂಡವು. ಯಾರೂ ಹ್ಯಾಕ್ ಮಾಡಿರಲಿಲ್ಲ. ಮೂರನೇ ಬಾಗಿಲಿಗೆ 2019ರ ಉದಾಹರಣೆ. ಫೋನು ಮತ್ತು ಕ್ಯಾಮೆರಾಗಳನ್ನು ಜೋಡಿಸುವ ಒಂದು ಸಾಫ್ಟ್‌ವೇರ್‌ನಲ್ಲಿ ಸೀರಿಯಲ್ ನಂಬರ್ ಊಹಿಸಿಯೇ ಒಳಗೆ ಹೋಗಬಹುದು ಅಂತ ಒಬ್ಬ ಸಂಶೋಧಕ ತೋರಿಸಿಕೊಟ್ಟ. 20 ಲಕ್ಷಕ್ಕೂ ಜಾಸ್ತಿ ಸಾಮಾನುಗಳಲ್ಲಿ ಅದೇ ಸಾಫ್ಟ್‌ವೇರ್ ಇತ್ತು. ಅವುಗಳ ಮೇಲಿನ ಹೆಸರು ಮಾತ್ರ ಬೇರೆ ಬೇರೆ. ಪೇಟೆಯಲ್ಲಿ ಹತ್ತು ಹೆಸರಿನ ಕ್ಯಾಮೆರಾ ನೋಡಿ ಇದು ಬೇಡ ಅದು ಕೊಡಿ ಅನ್ನುತ್ತೇವಲ್ಲ, ಎಷ್ಟೋ ಸಲ ಒಳಗಿನ ಚಿಪ್ಪು, ಸಾಫ್ಟ್‌ವೇರು ಎಲ್ಲ ಒಂದೇ ಕಡೆಯದು. ಒಂದರಲ್ಲಿ ತೂತು ಇದ್ದರೆ ಹತ್ತರಲ್ಲೂ ಇರುತ್ತದೆ. ಅಗ್ಗದ ಕ್ಯಾಮೆರಾ ಮಾರುವವರು ಹೊಸ ಮಾಡೆಲ್ ತರುವ ಅವಸರದಲ್ಲಿ ಹಳೆಯದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ. ಗೋಡೆಯ ಮೇಲಿರುವ ಕ್ಯಾಮೆರಾ ಮಾತ್ರ ಎಂಟು ಹತ್ತು ವರ್ಷ ಅಲ್ಲೇ ಇರುತ್ತದೆ.

ಇದೆಲ್ಲ ಹೊರದೇಶದ ಮಾತು ಅನ್ನಿಸಬಹುದು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ನಡೆದದ್ದು ನೆನಪಿದೆಯಾ? ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ವಿಡಿಯೋಗಳು ಹೊರಗೆ ಬಂದವು. ಡಾಕ್ಟರ ಮುಂದೆ ಪರೀಕ್ಷೆಗೆ ಮಲಗಿದ ಹೆಣ್ಣುಮಕ್ಕಳ ವಿಡಿಯೋಗಳು. ಯೂಟ್ಯೂಬಿನಲ್ಲಿ ತುಣುಕು ತೋರಿಸಿ, ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರುತ್ತಿದ್ದರು. ಪೊಲೀಸರು ಹಿಡಿದವರು ಬೇರೆ ಬೇರೆ ರಾಜ್ಯದವರು. ಅವರು ಕೈಹಾಕಿದ್ದು ಆ ಒಂದು ಆಸ್ಪತ್ರೆಗೆ ಮಾತ್ರ ಅಲ್ಲ, ದೇಶದ ಎಷ್ಟೋ ಕಡೆಯ ಕ್ಯಾಮೆರಾಗಳಿಗೆ. ತನಿಖೆಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಬಂದದ್ದು ಅದೇ ಸುಲಭದ ಪಾಸ್‌ವರ್ಡ್‌ಗಳ ಮಾತು. 'ಅಡ್ಮಿನ್123' ಅದರಲ್ಲಿ ಒಂದು.

ದಾವಣಗೆರೆ ಆಸ್ಪತ್ರೆಗಳ ಊರು. ಚಿತ್ರದುರ್ಗ, ಹಾವೇರಿ, ಹರಪನಹಳ್ಳಿ ಕಡೆಯಿಂದೆಲ್ಲ ಜನ ಇಲ್ಲಿಗೇ ಬರುತ್ತಾರೆ. ಪಿ.ಜೆ. ಬಡಾವಣೆಯಲ್ಲಿ ನಡೆದು ಹೋದರೆ ಎಷ್ಟು ನರ್ಸಿಂಗ್ ಹೋಂ ಸಿಗುತ್ತವೆ! ಅಲ್ಲೆಲ್ಲ ಕ್ಯಾಮೆರಾ ಇರಲೇಬೇಕು ಅನ್ನುವುದು ಕಾನೂನು ಕೂಡ ಹೌದು. ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕ್ರಮಗಳ ಜಾರಿ ಕಾಯ್ದೆ 2017ರಲ್ಲಿ ಬಂತು. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯ, ರೆಕಾರ್ಡಿಂಗ್ 30 ದಿನ ಇಟ್ಟುಕೊಳ್ಳಬೇಕು ಅಂತ ಅದು ಹೇಳುತ್ತದೆ. ಆಸ್ಪತ್ರೆ, ಕಾಲೇಜು, ದೇವಸ್ಥಾನ, ಅಂಗಡಿ ಮುಂಗಟ್ಟು ಎಲ್ಲ ಅದರಲ್ಲಿ ಬರುತ್ತವೆ. ಕಳ್ಳತನ, ಹೊಡೆದಾಟದ ಕೇಸುಗಳಲ್ಲಿ ಇದರಿಂದ ಉಪಯೋಗ ಆಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಕ್ಯಾಮೆರಾ ಇದೆಯಾ ಅಂತ ನೋಡಲು ಬಂದವರು ಡಿವಿಆರ್ ಪಾಸ್‌ವರ್ಡ್ ಬದಲಾಗಿದೆಯಾ, ಅದರ ಅಕೌಂಟು ಯಾರ ಹೆಸರಲ್ಲಿದೆ ಅಂತಲೂ ಕೇಳಬೇಕಲ್ವಾ? 30 ದಿನದ ಜನರ ಓಡಾಟವನ್ನು ಇಟ್ಟುಕೊಳ್ಳಿ ಅಂದ ಮೇಲೆ ಅದನ್ನು ಜೋಪಾನ ಮಾಡಿ ಅಂತ ಹೇಳುವ ಹೊಣೆಯೂ ಬರುತ್ತದೆ.

ಈಗ ಹೊಲದ ಕಡೆ ಬರೋಣ. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಾತಾಡುವ ಬಲ್ಬು, ಫ್ರಿಜ್ಜುಗಳ ಕಥೆ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಮುಖ್ಯವಾದ ಒಂದು ಸಾಮಾನು ಇದೆ. ಬೋರ್‌ವೆಲ್ ಮೋಟರಿನ ಮೊಬೈಲ್ ಸ್ಟಾರ್ಟರ್. ಜಗಳೂರು, ಚನ್ನಗಿರಿ, ಆ ಕಡೆ ಹೊಳಲ್ಕೆರೆ, ಹಿರಿಯೂರು, ಎಲ್ಲಿ ಹೋದರೂ ಪ್ಯಾನಲ್ ಬೋರ್ಡಿನ ಒಳಗೆ ಒಂದು ಸಣ್ಣ ಡಬ್ಬಿ, ಅದರಲ್ಲೊಂದು ಸಿಮ್ ಕಾಣುತ್ತದೆ. ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ. ಅದು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಮೊದಲು ರಾತ್ರಿ ಒಂದೂವರೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಬೇಕಿತ್ತು. ಈಗ ಕರೆಂಟು ಬಂತು ಅಂತ ಡಬ್ಬಿಯೇ ಫೋನಿಗೆ ತಿಳಿಸುತ್ತದೆ. ಮಲಗಿದಲ್ಲಿಂದಲೇ ಕರೆ ಮಾಡಿದರೆ ಮೋಟರ್ ಶುರು. ರೈತರ ಪಾಲಿಗೆ ಇದು ಸಣ್ಣ ಉಪಕಾರ ಅಲ್ಲ. ಈ ಡಬ್ಬಿ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಅದರ ಬೀಗ ಹೇಗಿದೆ ನೋಡಿ. ಹೆಚ್ಚಿನ ಡಬ್ಬಿಗಳು ಕರೆ ಬಂದ ನಂಬರ್ ನೋಡಿ ಮಾತು ಕೇಳುತ್ತವೆ. ಮೊದಲೇ ಸೇರಿಸಿಟ್ಟ ನಾಲ್ಕೈದು ನಂಬರ್‌ಗಳಿಂದ ಕರೆ ಬಂದರೆ ಸೈ. ಹೊಸ ನಂಬರ್ ಸೇರಿಸೋಕೆ ಒಂದು ಎಸ್‌ಎಂಎಸ್, ಅದರಲ್ಲಿ ಒಂದು ಪಾಸ್‌ವರ್ಡ್. ಆ ಪಾಸ್‌ವರ್ಡ್ ಡಬ್ಬಿಯ ಜೊತೆ ಬಂದ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಅದೇ ಮಾಡೆಲ್‌ನ ಡಬ್ಬಿ ಕೊಂಡ ಎಲ್ಲರ ಚೀಟಿಯಲ್ಲೂ ಅದೇ. ಬದಲಿಸಿದವರನ್ನು ನಾನಂತೂ ನೋಡಿಲ್ಲ. ಕರೆ ಮಾಡುವಾಗ ಬೇರೆಯವರ ನಂಬರ್ ತೋರಿಸುವ ವಿದ್ಯೆ ವಂಚಕರಿಗೆ ಹಳೆಯದು, ಹಾಗಾಗಿ ನಂಬರ್ ನೋಡಿ ನಂಬುವ ಬೀಗವೇ ಸಡಿಲ.

ಅದಕ್ಕಿಂತ ಸಾಮಾನ್ಯವಾದ ಇನ್ನೊಂದು ತೊಂದರೆ ಇದೆ. ಜಗಳೂರು ಕಡೆಯ ನಮ್ಮ ಬಂಧುಗಳ ತೋಟದ ಡಬ್ಬಿಯಲ್ಲಿ ಐದು ನಂಬರ್ ಇದ್ದವು. ದೊಡ್ಡಪ್ಪಂದು, ಇಬ್ಬರು ಮಕ್ಕಳದು, ಡಬ್ಬಿ ಕೂರಿಸಿದ ಮೆಕ್ಯಾನಿಕ್‌ನದು, ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಒಬ್ಬನದು. ಆತ ಆ ನಂಬರ್ ಯಾವತ್ತೋ ಬಿಟ್ಟಿದ್ದಾನೆ. ಬಿಟ್ಟ ನಂಬರ್ ಸುಮ್ನೆ ಬಿದ್ದಿರುವುದಿಲ್ಲ. ನಮ್ಮ ದೇಶದಲ್ಲಿ ಕನಿಷ್ಠ 90 ದಿನ ಬಿಟ್ಟು ಅದನ್ನು ಬೇರೆಯವರಿಗೆ ಕೊಡಬಹುದು. ಅಂದರೆ ಎಲ್ಲೋ ಇರುವ, ಈ ತೋಟ ಎಲ್ಲಿದೆ ಅಂತಲೇ ಗೊತ್ತಿಲ್ಲದ ಯಾರದೋ ಫೋನಿಗೆ ಈ ಮೋಟರಿನ ಮೇಲೆ ಅಧಿಕಾರ ಇರಬಹುದು. "ಅಯ್ಯೋ, ಯಾರಿಗೆ ಬೇಕಾಗೈತೆ ನಮ್ ಮೋಟ್ರು" ಅಂದರು ದೊಡ್ಡಪ್ಪ. ಪಕ್ಕದ ಹೊಲದವರ ಜೊತೆ ಜಗಳ ಆದಾಗ ಬೇಕಾಗುತ್ತದೆ. ನೀರಿಲ್ಲದ ಬೋರಿನಲ್ಲಿ ಮೋಟರ್ ಖಾಲಿ ಓಡಿದರೆ ಸುಡುತ್ತದೆ. ಆಮೇಲೆ ಮೋಟರ್ ಎತ್ತಿಸಬೇಕು, ರಿವೈಂಡಿಂಗ್ ಮಾಡಿಸಬೇಕು, ಅಷ್ಟು ದಿನ ಅಡಿಕೆ ಗಿಡ ಬಿಸಿಲಲ್ಲಿ ನಿಲ್ಲಬೇಕು. ಅವತ್ತೇ ಕೂತು ಐದರಲ್ಲಿ ಎರಡು ನಂಬರ್ ಅಳಿಸಿದೆವು, ಪಾಸ್‌ವರ್ಡ್ ಬದಲಿಸಿದೆವು. ಹತ್ತು ನಿಮಿಷದ ಕೆಲಸ.

ಇನ್ನೂ ದೂರಕ್ಕೆ ಯೋಚಿಸಿದರೆ, ಇದು ಒಂದು ತೋಟದ ಮಾತಷ್ಟೇ ಅಲ್ಲ. ಸಾವಿರಾರು ಎಸಿ, ಹೀಟರ್‌ಗಳನ್ನು ಯಾರಾದರೂ ವಶಕ್ಕೆ ತೆಗೆದುಕೊಂಡು ಒಂದೇ ಹೊತ್ತಿಗೆ ಆನ್ ಮಾಡಿದರೆ ವಿದ್ಯುತ್ ಜಾಲವೇ ಅಲುಗಾಡಬಹುದು ಅಂತ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಹೊಸ ಸ್ಟಾರ್ಟರ್‌ಗಳು ಈಗ ಆಪ್ ಮೂಲಕ, ಕಂಪನಿಯ ಸರ್ವರ್ ಮೂಲಕ ಓಡುತ್ತಿವೆ. ಒಂದೊಂದು ಮೋಟರೂ ಐದು, ಏಳೂವರೆ, ಹತ್ತು ಎಚ್‌ಪಿ. ಒಂದೇ ಸರ್ವರ್ ಕೆಳಗೆ ಎಷ್ಟು ತಾಲೂಕಿನ ಮೋಟರ್‌ಗಳಿವೆ ಅನ್ನುವುದನ್ನು ವಿದ್ಯುತ್ ಕಂಪನಿಗಳು ಈಗಲೇ ಕೇಳಿ ಇಟ್ಟುಕೊಂಡರೆ ಒಳ್ಳೆಯದು.

ಕರೆಂಟಿನ ಮಾತು ಬಂದಿದ್ದರಿಂದ ಮೀಟರ್ ಬಗ್ಗೆ ಎರಡು ಮಾತು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಯಲ್ಲಿವೆ. 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಅದರ ಬೆಲೆ ಬಗ್ಗೆ ದೊಡ್ಡ ಜಗಳ ಆಯಿತು, ಹೈಕೋರ್ಟಿನ ತನಕ ಹೋಯಿತು. ಮಾಹಿತಿಯ ಬಗ್ಗೆ ಅಷ್ಟು ಮಾತು ಕೇಳಿಸಲಿಲ್ಲ. ಸ್ಮಾರ್ಟ್ ಮೀಟರ್ ತಿಂಗಳಿಗೊಂದು ರೀಡಿಂಗ್ ಕೊಡುವ ಮೀಟರ್ ಅಲ್ಲ. ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದೊಂದು ಲೆಕ್ಕ ಇಡುತ್ತದೆ. ಆ ಲೆಕ್ಕ ನೋಡಿದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಗೀಸರ್ ಯಾವಾಗ ಹಾಕುತ್ತಾರೆ, ಊರಲ್ಲಿಲ್ಲದ ದಿನ ಯಾವುದು ಅನ್ನುವುದು ಗೊತ್ತಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಸತ್ತಿನ ಮೇಲ್ಮನೆ 2009ರಲ್ಲಿ ಇದೇ ಕಾರಣಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವುದನ್ನು ತಡೆದಿತ್ತು. ನಮ್ಮಲ್ಲಿ ಈ ಲೆಕ್ಕ ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಅನ್ನುವುದನ್ನು ಬಿಲ್ಲಿನ ಹಿಂದೆ ಕನ್ನಡದಲ್ಲಿ ಅಚ್ಚು ಹಾಕಿಸುವುದು ಏನೂ ಕಷ್ಟ ಅಲ್ಲ.

ಟಿವಿ ಕಥೆ ಚಿಕ್ಕದು. ಅಮೆರಿಕದ 'ವಿಜಿಯೊ' ಕಂಪನಿ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಅನ್ನುವುದನ್ನು ಅವರಿಗೆ ಸರಿಯಾಗಿ ಹೇಳದೆ ದಾಖಲಿಸಿ ಮಾರಿಕೊಂಡಿತ್ತು. 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ಟಿವಿ ಪರದೆಯ ಮೇಲಿನ ಚಿತ್ರವನ್ನೇ ಹೊಂದಿಸಿ ನೋಡುವ ಈ ತಂತ್ರ ಈಗ ಎಷ್ಟೋ ಸ್ಮಾರ್ಟ್ ಟಿವಿಗಳಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಆಫ್ ಮಾಡುವ ಜಾಗ ಸಿಗುತ್ತದೆ. ಹಳೆ ಟಿವಿಗೆ ಹಾಕುವ ಅಗ್ಗದ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಕೊಳ್ಳಬೇಡಿ. 'ಬ್ಯಾಡ್‌ಬಾಕ್ಸ್' ಅನ್ನುವ ಕಳ್ಳ ಸಾಫ್ಟ್‌ವೇರ್ ಅವುಗಳಲ್ಲಿ ಕೊಳ್ಳುವ ಮೊದಲೇ ತುಂಬಿರಬಹುದು ಅಂತ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಕ್ಕಳ ಸಾಮಾನಿನ ವಿಷಯದಲ್ಲಿ ಜರ್ಮನಿ ಖಡಕ್ಕಾಗಿ ನಡೆದುಕೊಂಡಿತು. 2017ರಲ್ಲಿ ಮಾತಾಡುವ ಒಂದು ಇಂಟರ್‌ನೆಟ್ ಗೊಂಬೆಯನ್ನು, ಆಮೇಲೆ ಗುಟ್ಟಾಗಿ ಕೇಳಿಸಿಕೊಳ್ಳಲು ಬರುವ ಮಕ್ಕಳ ಸ್ಮಾರ್ಟ್‌ವಾಚ್‌ಗಳನ್ನು ನಿಷೇಧಿಸಿತು.

ನನಗೆ ಜಾಸ್ತಿ ಬೇಸರ ತರುವುದು ಹ್ಯಾಕರ್‌ಗಳ ವಿಷಯ ಅಲ್ಲ, ಮನೆಯವರದು. ಅಕ್ಕ ಆವತ್ತು ಹಾಲ್‌ಗೆ ಬರಲಿಲ್ಲ ಅಂದೆನಲ್ಲ. ಆ ಕ್ಯಾಮೆರಾ ಹಾಕಿದಾಗ ಅವಳನ್ನು ಯಾರೂ ಕೇಳಿರಲಿಲ್ಲ. ವಯಸ್ಸಾದ ಅತ್ತೆ ಒಬ್ಬರೇ ಇರುವಾಗ ಬಿದ್ದುಬಿಟ್ಟರೆ ಗೊತ್ತಾಗಲಿ ಅಂತ ಹಾಕಿಸಿದ್ದು. ಉದ್ದೇಶ ಒಳ್ಳೆಯದೇ. ಆದರೆ ಹಾಲ್‌ನಲ್ಲಿ ಇಡೀ ದಿನ ಓಡಾಡುವವಳು ಅಕ್ಕ. ಕೆಲಸಕ್ಕೆ ಬರುವ ಹೆಣ್ಣುಮಗಳೂ ಓಡಾಡುತ್ತಾಳೆ. ಸೊಸೆ ಯಾರ ಜೊತೆ ಫೋನಲ್ಲಿ ಮಾತಾಡಿದಳು, ಎಷ್ಟು ಹೊತ್ತು ಮಲಗಿದಳು ಅಂತ ಬೇರೆ ಊರಲ್ಲಿ ಕೂತು ನೋಡಿ ಕೇಳುವ ಮನೆಗಳೂ ನನಗೆ ಗೊತ್ತಿವೆ. ಈ ಕ್ಯಾಮೆರಾಗಳಿಗೆ ಮಾತೂ ಕೇಳಿಸುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಟ್ಟಿಗೆ ಇರುವ ಮನೆಯಲ್ಲಿ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಒಳಗೆ ಸಿಸಿಟಿವಿ ನಡೆಸುವ ಹಾಗಿಲ್ಲ ಅಂತ ಕಲ್ಕತ್ತಾ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಲಿಸಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಆ ದೊಡ್ಡ ಕೇಸು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಆ ಹಕ್ಕು ಸರ್ಕಾರದ ಎದುರಿಗೆ ಮಾತ್ರ ಅಲ್ಲ, ನಮ್ಮ ಹಾಲ್‌ನಲ್ಲೂ ಬೇಕು ಅಂತ ನಾನು ನಂಬಿದ್ದೇನೆ.

ಕಾನೂನು ಸ್ವಲ್ಪ ಸ್ವಲ್ಪ ಮುಂದೆ ಬರುತ್ತಿದೆ. 2025ರ ಏಪ್ರಿಲ್ 9ರಿಂದ ಭಾರತದಲ್ಲಿ ಮಾರುವ ಇಂಟರ್‌ನೆಟ್ ಸಿಸಿಟಿವಿ ಕ್ಯಾಮೆರಾಗಳಿಗೆ ಹೊಸ ನಿಯಮ ಇದೆ. ಕಂಪನಿಗಳು ಹಾರ್ಡ್‌ವೇರ್, ಸಾಫ್ಟ್‌ವೇರ್, ಅದರ ಸೋರ್ಸ್ ಕೋಡ್ ತನಕ ಸರ್ಕಾರ ಒಪ್ಪಿದ ಲ್ಯಾಬ್‌ನಲ್ಲಿ ಪರೀಕ್ಷೆಗೆ ಕೊಡಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಇದು ಹೊಸದಕ್ಕೆ. ಈಗಾಗಲೇ ಗೋಡೆ ಮೇಲಿರುವುದಕ್ಕೆ, ಮೋಟರ್ ಡಬ್ಬಿಗೆ, ಟಿವಿ ಬಾಕ್ಸ್‌ಗೆ ಇದು ತಾಗುವುದಿಲ್ಲ. ಬ್ರಿಟನ್ 2024ರ ಏಪ್ರಿಲ್ 29ರಿಂದ ಜನ ಕೊಳ್ಳುವ ಹೆಚ್ಚಿನ ಇಂಟರ್‌ನೆಟ್ ಸಾಮಾನಿಗೂ ಒಂದೇ ಮಾತು ಹೇಳಿದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರಬೇಡಿ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಮೊದಲೇ ಹೇಳಿ. ನಮಗೆ ಬೇಕಿರುವುದು ಅದು. ಹಾಲಿನ ಪ್ಯಾಕೆಟ್ ಮೇಲೆ ದಿನಾಂಕ ಇರುವ ಹಾಗೆ ಕ್ಯಾಮೆರಾದ ಡಬ್ಬಿಯ ಮೇಲೆ ಅಪ್‌ಡೇಟ್ ನಿಲ್ಲುವ ವರ್ಷ ಇರಬೇಕು. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಆಯಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮಾಹಿತಿಯನ್ನು ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿ ತನಕ ದಂಡ ಇದೆ. ಮುಖ್ಯ ಹೊಣೆಗಳು ಜಾರಿಗೆ ಬರೋಕೆ 18 ತಿಂಗಳ ಕಾಲಾವಕಾಶ ಇದೆ. ಮನೆಯವರು ಮನೆಯ ಉಪಯೋಗಕ್ಕೆ ಇಟ್ಟುಕೊಂಡದ್ದಕ್ಕೆ ಆ ಕಾಯ್ದೆ ಅನ್ವಯ ಆಗುವುದಿಲ್ಲ ಅನ್ನುವುದು ನೆನಪಿರಲಿ. ಇನ್ನು ಹೆಣ್ಣುಮಕ್ಕಳ ಖಾಸಗಿ ದೃಶ್ಯ ಕದ್ದು ತೆಗೆಯುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಜೈಲು ಶಿಕ್ಷೆಯ ಅಪರಾಧ. ಅಂಥದ್ದು ನಡೆದರೆ ಮಾನ ಹೋಗುತ್ತೆ ಅಂತ ಸುಮ್ಮನಿರಬೇಡಿ. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಿ.

ಅಕ್ಕನ ಮನೆಯಲ್ಲಿ ಆ ಎರಡು ದಿನದಲ್ಲಿ ನಾವು ಮಾಡಿದ್ದು ಇಷ್ಟು. ಮೂರೂ ಕ್ಯಾಮೆರಾ ಭಾವನ ಅಕೌಂಟಿಗೆ ಬಂದವು. ಆ ಅಕೌಂಟಿಗೆ ಒಟಿಪಿ ಕೇಳುವ ಎರಡನೇ ಬೀಗ ಹಾಕಿದೆವು. ಕೇಬಲ್‌ನವರು ಕೊಟ್ಟ ರೂಟರಿನ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆವು. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ, ಇದನ್ನು ಯಾರೂ ಮುಟ್ಟಿರುವುದಿಲ್ಲ. ಅದೇ ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಇನ್ನೊಂದು ಬೇರೆ ವೈಫೈ, ಶುರು ಮಾಡಿ ಕ್ಯಾಮೆರಾ, ಟಿವಿಗಳನ್ನು ಅದಕ್ಕೆ ಹಾಕಿದೆವು. ಅವುಗಳಲ್ಲಿ ಯಾವುದಾದರೂ ಹಾಳಾದರೂ ಭಾವನ ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪ್ ಅದರ ಜೊತೆ ಒಂದೇ ಕೋಣೆಯಲ್ಲಿ ಇರುವುದಿಲ್ಲ. ಅಂಗಡಿಯ ಡಿವಿಆರ್ ಮೇಲಿನ ಮಾರ್ಕರ್ ಬರಹವನ್ನು ಸ್ಪಿರಿಟ್ ಹಾಕಿ ಉಜ್ಜಿದೆವು, ಪಾಸ್‌ವರ್ಡ್ ಹೊಸದು ಮಾಡಿದೆವು. ಗಲ್ಲಾದ ಕ್ಯಾಮೆರಾ ಸ್ವಲ್ಪ ವಾರೆ ಆಯಿತು, ಈಗ ಅದಕ್ಕೆ ದುಡ್ಡು ಕಾಣುತ್ತದೆ, ಗಿರಾಕಿಯ ಬೆರಳು ಕಾಣುವುದಿಲ್ಲ. ಹಾಲ್‌ನ ಕ್ಯಾಮೆರಾ ಏನು ಮಾಡೋಣ ಅಂತ ಭಾವ ಮೊದಲ ಸಲ ಅಕ್ಕನನ್ನು ಕೇಳಿದರು. "ಅತ್ತೆ ರೂಮಿನ ಬಾಗಿಲ ಕಡೆ ತಿರುಗಿಸಿ, ಅವರನ್ನೂ ಒಂದ್ ಮಾತು ಕೇಳ್ರಿ" ಅಂದಳು.

ಕೊನೆಗೆ ಆ ಹುಡುಗನ ಹತ್ತಿರ ಕೂತು ಮಾತಾಡಿದೆ. ಬಿಲ್ಲಿನಲ್ಲಿ ಕ್ಯಾಮೆರಾ ಇಷ್ಟು, ವೈರ್ ಇಷ್ಟು, ಫಿಟ್ಟಿಂಗ್ ಚಾರ್ಜ್ ಇಷ್ಟು ಅಂತ ಬರೆಯುತ್ತಾನೆ. ಅದರ ಕೆಳಗೆ ಅಕೌಂಟು ಯಜಮಾನರ ನಂಬರಿನಲ್ಲಿದೆ, ಪಾಸ್‌ವರ್ಡ್ ಅವರೇ ಹಾಕಿದ್ದಾರೆ ಅಂತ ಇನ್ನೊಂದು ಸಾಲು ಸೇರಿಸಿ ಸಹಿ ತೆಗೆದುಕೋ ಅಂದೆ. ನಿನಗೂ ಒಳ್ಳೆಯದು, ನಾಳೆ ಏನಾದರೂ ಹೊರಗೆ ಬಂದರೆ ಪೊಲೀಸರು ಮೊದಲು ಹುಡುಕುವುದು ನಿನ್ನ ನಂಬರನ್ನೇ ಅಂದೆ. ಅದನ್ನು ಅವನು ಯೋಚಿಸಿರಲಿಲ್ಲ, ಮುಖ ಸಣ್ಣದಾಯಿತು. ಮೊನ್ನೆ ಸಿಕ್ಕಿದ್ದ. ಹೊಸ ಕೆಲಸಕ್ಕೆ ಹೋದರೆ ಈಗ ಮೊದಲು ಮನೆಯವರ ಫೋನನ್ನೇ ಕೇಳುತ್ತಾನಂತೆ. ಹಳೆ ಪಟ್ಟಿಯಲ್ಲಿ ಪಿಜಿ, ಡಾಕ್ಟರ ಮನೆ ಎರಡೂ ಬಿಡಿಸಿಕೊಟ್ಟಿದ್ದಾನೆ. ಮಿಕ್ಕವರಿಗೆ ಫೋನ್ ಮಾಡಿದರೆ, "ಇರ್ಲಿ ಬಿಡಪ್ಪ, ನಿನ್ ಹತ್ರಾನೇ ಇರ್ಲಿ, ನಮ್ಗೆ ಅದೆಲ್ಲ ಗೊತ್ತಾಗಲ್ಲ" ಅನ್ನುತ್ತಾರಂತೆ.